ನನಗಾಗಿ ಹಾಕಿಸಿದ ಬೆಂಚು

ಹೊಸ ತಿಪ್ಪಸಂದ್ರದಲ್ಲಿ ನಮ್ಮ ಮನೆಯ ಹಿಂದಿನ ಪಾರ್ಕಿನಲ್ಲಿ ನನಗಾಗಿ ಒಂದು ಕಲ್ಲುಬೆಂಚು ಹಾಕಿಸಿದ್ದಾರೆ. ನಾನು ಕೇಳಿರಲಿಲ್ಲ. ಆದರೂ ಹಾಕಿಸಿದರು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದರು, ಬೂದುಗುಂಬಳಕಾಯಿ ಒಡೆದರು, ನನ್ನನ್ನು ಅದರ ಮೇಲೆ ಕೂರಿಸಿ ಫೋಟೋ ತೆಗೆದರು. ಆ ಫೋಟೋದಲ್ಲಿ ನನ್ನ ತಲೆಯ ಮೇಲೆ ಮೈಸೂರು ಪೇಟ ಇದೆ, ಹೆಗಲ ಮೇಲೆ ಜರಿ ಶಾಲು ಇದೆ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇದೆ. ಮುಖದಲ್ಲಿ ನಗು ಮಾತ್ರ ಇಲ್ಲ. ನೋಡಿದವರೆಲ್ಲ "ಪಾಪ, ನೋವಿತ್ತೇನೋ" ಅಂದರಂತೆ. ನೋವಲ್ಲ ಸ್ವಾಮಿ, ಕೋಪ.

ನನಗೆ ಒಂಬತ್ತು ವರ್ಷವಾಗಿದ್ದಾಗ ಮೊದಲು ಮೊಣಕಾಲು ಊದಿಕೊಂಡಿತು. ಆಮೇಲೆ ಮಣಿಕಟ್ಟು, ಆಮೇಲೆ ಸೊಂಟದ ಕೀಲು. ಮಕ್ಕಳಿಗೂ ಸಂಧಿವಾತ ಬರುತ್ತದೆ ಎಂದು ಡಾಕ್ಟರು ಹೇಳಿದರೆ ನಮ್ಮ ಬಂಧುಬಳಗದಲ್ಲಿ ಯಾರೂ ನಂಬಲಿಲ್ಲ. "ಅದು ಅಜ್ಜಿಯರ ಕಾಯಿಲೆ ಅಲ್ವೇನ್ರೀ?" ಎಂದು ಡಾಕ್ಟರಿಗೇ ತಿರುಗಿ ಕೇಳಿದವರಿದ್ದರು. ಅವರು ನಂಬುವ ಹೊತ್ತಿಗೆ ಒಂದು ವರ್ಷ ಎಣ್ಣೆ ಹಚ್ಚುವುದರಲ್ಲೂ ದೃಷ್ಟಿ ತೆಗೆಯುವುದರಲ್ಲೂ ಕಳೆದುಹೋಗಿತ್ತು. ಹೈಸ್ಕೂಲಿಗೆ ಬರುವಷ್ಟರಲ್ಲಿ ಮಾತ್ರೆ, ಇಂಜೆಕ್ಷನ್ ಎಲ್ಲ ಸೇರಿ ಊತವನ್ನು ಹತೋಟಿಗೆ ತಂದವು. ಬಲಗಡೆಯ ಸೊಂಟದ ಕೀಲು ಮಾತ್ರ ಅಷ್ಟರಲ್ಲೇ ಹಾಳಾಗಿತ್ತು.

ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಡಾಕ್ಟರು ತೋರಿಸಿದಾಗ ಅಪ್ಪ ಅದನ್ನು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು, ಅಥವಾ ಹಾಗೆಂದುಕೊಂಡರು. ಅವರು ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅವರ ಕೈಯಲ್ಲಿ ಹಾಯ್ದುಹೋದ ಬೇರಿಂಗ್‌ಗಳಿಗೆ ಲೆಕ್ಕವಿಲ್ಲ. ಆಸ್ಪತ್ರೆಯಿಂದ ಹೊರಗೆ ಬಂದವರೇ ಸ್ಕೂಟರ್ ಸ್ಟಾರ್ಟ್ ಮಾಡುವ ಮೊದಲು ನನಗೆ ಪಾಠ ಹೇಳಿದರು. "ನೋಡು ಪುಟ್ಟಿ, ಬೇರಿಂಗ್ ಹೋಗಿರೋ ಮಷೀನ್‌ನ ಓಡಿಸ್ಬಾರ್ದು. ಓಡಿಸಿದ್ರೆ ಶಾಫ್ಟೂ ಹೋಗತ್ತೆ. ಹೊಸ ಪಾರ್ಟ್ ಬರೋವರ್ಗೂ ಮಷೀನ್ ನಿಲ್ಲಿಸ್ಬಿಡ್ಬೇಕು." ಹೊಸ ಕೀಲು ಹಾಕಬೇಕಾದರೆ ನಾನು ಬೆಳೆದು ದೊಡ್ಡವಳಾಗಬೇಕು ಎಂದು ಡಾಕ್ಟರು ಹೇಳಿದ್ದರು. ಅಲ್ಲಿಯವರೆಗೆ ಅಪ್ಪ ನನ್ನನ್ನು ನಿಲ್ಲಿಸಿಬಿಟ್ಟರು.

ಹೇಗೆ ನಿಲ್ಲಿಸಿದರು ಅಂದರೆ, ಕೋಣೆಯಿಂದ ಅಡುಗೆಮನೆಗೆ ನೀರು ಕುಡಿಯಲು ಎದ್ದರೂ "ಸುಸ್ತಾಯ್ತಾ? ಕೂತ್ಕೊ, ನಾನ್ ತರ್ತೀನಿ" ಎಂದು ಬರುತ್ತಿದ್ದರು. ಶಾಲೆಗೆ ಸ್ಕೂಟರಿನಲ್ಲಿ ತರಗತಿಯ ಬಾಗಿಲವರೆಗೂ ಬಿಡುತ್ತಿದ್ದರು. ಆಟದ ಪೀರಿಯಡ್‌ನಲ್ಲಿ ಏನೂ ಆಡಿಸಬಾರದೆಂದು ಹೆಡ್‌ಮಿಸ್ಸಿಗೆ ಕೈಮುಗಿದು ಹೇಳಿ ಬಂದಿದ್ದರು. ಹೆಡ್‌ಮಿಸ್ಸಿಗೂ ಅದೇ ಬೇಕಾಗಿತ್ತು. ಮೈದಾನದ ಮೂಲೆಯ ಹೊಂಗೆಮರದ ಕೆಳಗೆ ನನಗೊಂದು ಪ್ಲಾಸ್ಟಿಕ್ ಕುರ್ಚಿ. ಉಳಿದವರು ಕಳಚಿಟ್ಟ ಶೂ, ವಾಚು, ನೀರಿನ ಬಾಟಲಿಗಳ ಕಾವಲು ನನ್ನ ಕೆಲಸ. ಖೋ ಖೋ ಆಡಿ ಕೆಂಪಗೆ ಮುಖ ಮಾಡಿಕೊಂಡು ಬಂದು ಏದುಸಿರು ಬಿಡುತ್ತಾ ಬಾಟಲಿ ಎತ್ತುತ್ತಿದ್ದ ಹುಡುಗಿಯರನ್ನು ನೋಡಿ ನನಗೆ ಹೊಟ್ಟೆಯುರಿ ಆಗುತ್ತಿತ್ತು, ಅವರ ಓಟಕ್ಕಲ್ಲ, ಅವರ ಏದುಸಿರಿಗೆ. ನನಗೆ ಬೆವರು ಅಂದರೆ ಜ್ವರ ಬಿಡುವಾಗ ಬರುವುದು ಎಂದಷ್ಟೇ ಗೊತ್ತಿತ್ತು.

ಕಾಲೇಜೂ ಹಾಗೇ ಮುಗಿಯಿತು. ಮೊಣಕೈಗೆ ಸಿಕ್ಕಿಸಿಕೊಳ್ಳುವ ಎರಡು ಊರುಗೋಲು ಬಂದವು. ಮನೆಯಲ್ಲೇ ಕೂತು ಮಾಡುವ ಲೆಕ್ಕಪತ್ರದ ಕೆಲಸವೂ ಸಿಕ್ಕಿತು. ಸೊಂಟ ಬಗ್ಗುತ್ತಿರಲಿಲ್ಲವಾದ್ದರಿಂದ ಪಾದ ಮುಟ್ಟಲು ಆಗುತ್ತಿರಲಿಲ್ಲ. ಹೊರಗೆ ಹೋಗಬೇಕೆಂದರೆ ಅಮ್ಮ ನನ್ನ ಮುಂದೆ ನೆಲದ ಮೇಲೆ ಕೂತು ಚಪ್ಪಲಿಯ ಪಟ್ಟಿ ಹಾಕಬೇಕು. ಅವಳದೂ ಮಂಡಿನೋವಿನ ವಯಸ್ಸು, ಏಳುವಾಗ ನನ್ನ ಕುರ್ಚಿಯ ಕೈ ಹಿಡಿದು ಏಳುತ್ತಿದ್ದಳು. ಆಪರೇಷನ್ ಆದರೆ ನಿನಗೆ ಏನು ಬೇಕು ಎಂದು ಯಾರಾದರೂ ಕೇಳಿದ್ದರೆ ನನ್ನ ಉತ್ತರ ಸಿದ್ಧವಾಗಿತ್ತು: ನನ್ನ ಚಪ್ಪಲಿ ನಾನೇ ಹಾಕಿಕೊಳ್ಳಬೇಕು, ಬಾಗಿಲು ತೆಗೆದು ಯಾರಿಗೂ ಹೇಳದೆ ಹೊರಗೆ ಹೋಗಬೇಕು. ಅಷ್ಟೇ.

ಹೋದ ವರ್ಷ, ನನಗೆ ಇಪ್ಪತ್ಮೂರು ತುಂಬಿದ ಮೇಲೆ, ಕೀಲು ಬದಲಾಯಿಸಲು ಡಾಕ್ಟರು ಒಪ್ಪಿದರು. ಶಿವಾಜಿನಗರದ ಕಡೆಯ ಒಂದು ಆಸ್ಪತ್ರೆ. ಅರಿವಳಿಕೆ ಕೊಡುವ ಡಾಕ್ಟರು ಮೊದಲು ಪರೀಕ್ಷೆ ಮಾಡಬೇಕು ಎಂದು ಕಳಿಸಿದರು. ಅವರು ನರೆಗೂದಲಿನ, ಕಡಿಮೆ ಮಾತಿನ ಮನುಷ್ಯ. ಹೃದಯ, ಶ್ವಾಸಕೋಶ ಎಲ್ಲದರ ರಿಪೋರ್ಟು ನೋಡಿ "ಚೆನ್ನಾಗಿದೆ" ಎಂದರು. ಆಮೇಲೆ ನನ್ನ ಬೆರಳಿಗೆ ಒಂದು ಕ್ಲಿಪ್ಪು ಸಿಕ್ಕಿಸಿ, ಕಾರಿಡಾರಿನ ಆ ತುದಿಯವರೆಗೆ ನಡೆದು ಬಾ ಎಂದರು. ಅರ್ಧಕ್ಕೂ ಮುಂಚೆ ನಾನು ಗೋಡೆ ಹಿಡಿದು ನಿಂತಿದ್ದೆ. ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು, ಬಾಯಿ ತೆರೆದುಕೊಂಡಿತ್ತು.

"ಕೀಲು ನೋಯ್ತಾ, ಉಸಿರು ಸಾಲ್ದಾಯ್ತಾ?" ಎಂದು ಕೇಳಿದರು.

"ಉಸಿರು" ಎಂದೆ.

"ಕೀಲು ನಾವು ಬದಲಾಯಿಸ್ಬಹುದಮ್ಮ. ಆದ್ರೆ ಮಾರನೇ ದಿನಾನೇ ನಿನ್ನ ಎಬ್ಬಿಸಿ ನಡೆಸ್ಬೇಕು. ಆವಾಗ ನಡೆಯೋಕೆ ನಿನಗೆ ದಮ್ಮೇ ಇಲ್ವಲ್ಲ. ಹಾಸಿಗೇಲೇ ಉಳಿದ್ಬಿಟ್ರೆ ಕಷ್ಟ. ಮೊದ್ಲು ದಮ್ಮು ಕಟ್ಕೊಂಡ್ ಬಾ. ಸಂಕ್ರಾಂತಿ ಆದ್ಮೇಲೆ ನೋಡೋಣ."

ನನ್ನ ಹೃದಯಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ಅದಕ್ಕೆ ಯಾರೂ ಕೆಲಸ ಕೊಟ್ಟಿರಲಿಲ್ಲ, ಅಷ್ಟೇ. ನಿಲ್ಲಿಸಿಟ್ಟ ಯಂತ್ರ ಧೂಳು ಹಿಡಿಯುತ್ತದೆ, ಧೂಳು ಒರೆಸಿದರೆ ಮತ್ತೆ ಓಡುತ್ತದೆ. ನಿಲ್ಲಿಸಿಟ್ಟ ಹುಡುಗಿಯ ಮೈ ಹಾಗಲ್ಲ, ಒಳಗಿಂದ ಕುಂದುತ್ತಾ ಹೋಗುತ್ತದೆ. ಇದನ್ನು ನಾನು ಗೋಡೆಗೆ ಒರಗಿಕೊಂಡು ತಿಳಿದುಕೊಂಡೆ. ಅಪ್ಪನಿಗೆ ಕೇಳಿಸಿದ್ದು ಬೇರೆ. ಮನೆಗೆ ಬಂದು ಅಮ್ಮನಿಗೆ ಹೇಳಿದರು: "ಹಾರ್ಟ್ ವೀಕಂತೆ. ಇನ್ನು ಮಲಗೋ ಕೋಣೆಗೇ ಊಟ ತಂದ್ಕೊಡು."

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಮ್ಮನಹಳ್ಳಿಯ ಕಡೆಯಿಂದ ಬರುತ್ತಿದ್ದ ಒಬ್ಬಳು ಫಿಸಿಯೋ ಇದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ತಮಿಳು ಬೆರೆತ ಕನ್ನಡ, ಜೋರು ದನಿ. ನನ್ನನ್ನು ಮೊದಲ ದಿನವೇ ಕುರ್ಚಿಯಲ್ಲಿ ಕೂರಿಸಿ, ಎರಡೂ ಕೈಗೆ ನೀರು ತುಂಬಿದ ಬಾಟಲಿ ಕೊಟ್ಟು, ಗಾಳಿಗೆ ಗುದ್ದಿಸಿದಳು. ಏದುಸಿರು ಬಂದು ನಾನು ಹೆದರಿ ನಿಲ್ಲಿಸಿದೆ.

"ಯಾಕ್ ನಿಲ್ಲಿಸ್ದೆ ಮಾ?"

"ಸುಸ್ತಾಯ್ತು."

"ಸುಸ್ತಾಗ್ಲಿ ಅಂತಾನೇ ಮಾಡ್ಸೋದು! ಅದೇ ನಿಂಗೆ ಔಷಧಿ. ಮಾತಾಡೋಕ್ ಆಗ್ಬೇಕು, ಹಾಡೋಕ್ ಆಗ್ಬಾರ್ದು. ಹಾಡೋಕ್ ಬಂದ್ರೆ ನೀನು ಚೀಟ್ ಮಾಡ್ತಿದೀಯ ಅಂತ."

ಹುಟ್ಟಿದಾಗಿನಿಂದ ನನಗೆ ಯಾರೂ ಹೀಗೆ ಗದರಿರಲಿಲ್ಲ. ಆಟೋದಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ನಾನೊಬ್ಬಳೇ ನಗುತ್ತಿದ್ದೆ. ಅವಳು ಹೇಳಿಕೊಟ್ಟದ್ದು ಸುಲಭವಾಗಿತ್ತು. ಕುರ್ಚಿಯಲ್ಲಿ ಕೂತು ಕೈಗೆ ವ್ಯಾಯಾಮ, ಜೊತೆಗೆ ಮನೆಯ ಹತ್ತಿರದ ಪಾರ್ಕಿನಲ್ಲಿ ಊರುಗೋಲು ಹಿಡಿದು ನಡಿಗೆ. ಕೀಲಿಗೆ ಅದರಿಂದ ತೊಂದರೆಯಿಲ್ಲ ಎಂದು ಡಾಕ್ಟರನ್ನೂ ಕೇಳಿ ಖಚಿತ ಮಾಡಿಕೊಂಡಳು. ಒಂದೇ ಒಂದು ಕಟ್ಟುನಿಟ್ಟು ಇತ್ತು: ನಿಧಾನವಾದರೂ ಪರವಾಗಿಲ್ಲ, ನಿಲ್ಲಬಾರದು. ನಿಂತರೆ ಎದೆಬಡಿತ ಇಳಿದುಹೋಗುತ್ತದೆ, ಮಾಡಿದ್ದೆಲ್ಲ ನೀರುಪಾಲು. "ಪಾರ್ಕ್ ಒಂದ್ ರೌಂಡ್ ನಿಲ್ದೆ ಹೊಡೆದ್ಬಿಟ್ರೆ, ಸಂಕ್ರಾಂತಿಗೆ ಆ ಡಾಕ್ಟ್ರು ಸೈನ್ ಹಾಕ್ತಾರೆ. ನಾನ್ ಹೇಳ್ತಿದೀನಲ್ಲ" ಎಂದಳು.

ನಿಲ್ಲದೆ ಒಂದು ಸುತ್ತು. ನನ್ನ ಚಪ್ಪಲಿಗೂ ನನಗೂ ನಡುವೆ ಇದ್ದದ್ದು ಅಷ್ಟೇ.

ನಮ್ಮ ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುವವರದ್ದೊಂದು ಸಂಘವಿದೆ. ಮುಕ್ಕಾಲು ಪಾಲು ಅಪ್ಪನ ಹಾಗೆ ಕಾರ್ಖಾನೆಯಿಂದ ನಿವೃತ್ತರಾದವರು, ಉಳಿದವರು ವಿಮಾ ಕಂಪನಿ, ಬ್ಯಾಂಕು. ಅಧ್ಯಕ್ಷರು ಮಾತ್ರ ಹಳೆಯ ಊರಿನವರು. "ನೀವು ವಾಕಿಂಗ್ ಮಾಡ್ತಿರೋದು ನಮ್ ತಾತನ ರಾಗಿ ಹೊಲದ ಮೇಲೆ" ಎಂದು ದಿನಕ್ಕೊಂದು ಸಲ ಯಾರಿಗಾದರೂ ಹೇಳದಿದ್ದರೆ ಅವರಿಗೆ ತಿಂಡಿ ಸೇರುವುದಿಲ್ಲ. ಎಲ್ಲರೂ ಒಳ್ಳೆಯವರು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಕೆಟ್ಟವರಾಗಿದ್ದರೆ ನನ್ನ ದಾರಿ ಬಿಟ್ಟುಕೊಡುತ್ತಿದ್ದರು.

ನಾನು ಗೇಟಿನೊಳಗೆ ಕಾಲಿಡುವುದೇ ತಡ, ಒಬ್ಬರು ಎದುರಿಗೆ. "ನಿಲ್ಲಮ್ಮ, ನಿಲ್ಲು. ಲಕ್ಕಿಸೊಪ್ಪಿನ ಎಣ್ಣೆ ಹಚ್ಚಿ ನೋಡಿದ್ರಾ?" ಅವರಿಂದ ಬಿಡಿಸಿಕೊಂಡು ನಾಲ್ಕು ಹೆಜ್ಜೆ ಹಾಕಿದರೆ ಇನ್ನೊಬ್ಬರು, ಕೆ.ಆರ್. ಪುರದಲ್ಲಿ ಮೂಳೆ ನೋಡುವ ಪಂಡಿತರಿದ್ದಾರಂತೆ. ಮತ್ತೊಬ್ಬರಿಗೆ ಹೇಳಲು ಏನೂ ಇರಲಿಲ್ಲ, ಸುಮ್ಮನೆ ನಿಲ್ಲಿಸಿ ತಲೆಯ ಮೇಲೆ ಕೈಯಿಟ್ಟು "ದೇವ್ರಿದಾನೆ" ಎನ್ನುತ್ತಿದ್ದರು. ದೇವರಿದ್ದಾನೆ, ಸರಿ, ನೀವು ಯಾಕೆ ಅಡ್ಡ ಇದ್ದೀರಿ? ಹಾಗೆಂದು ಕೇಳಲಾಗುತ್ತದೆಯೇ? ಹಿರಿಯರು ಮಾತಾಡಿಸಿದಾಗ ನಡೆಯುತ್ತಲೇ ಉತ್ತರ ಕೊಟ್ಟರೆ ಸೊಕ್ಕು. ನನ್ನಂಥವಳು ಕೊಟ್ಟರೆ ಇನ್ನೂ ಸೊಕ್ಕು. ನಿಲ್ಲಬೇಕು, ತಲೆಯಾಡಿಸಬೇಕು. ನನ್ನ ಒಂದು ಸುತ್ತು ದಿನವೂ ಚೂರುಚೂರಾಗುತ್ತಿತ್ತು.

ಹಿಂದೆ ಅಪ್ಪ ಬೇರೆ. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಮಡಚುವ ಸ್ಟೂಲು. ನನ್ನ ಉಸಿರು ಸ್ವಲ್ಪ ಏರಿದರೆ ಸಾಕು, ಸ್ಟೂಲು ಬಿಚ್ಚಿಕೊಳ್ಳುವ ಸದ್ದು ಕೇಳುತ್ತಿತ್ತು. "ಸುಸ್ತಾಯ್ತಾ? ಕೂತ್ಕೊ."

"ಸುಸ್ತಾಗೋಕೇ ಬಂದಿರೋದು ಅಪ್ಪಾ. ನಿಮ್ ಸ್ಟೂಲ್ ತಗೊಂಡು ಮನೆಗೆ ಹೋಗಿ" ಎಂದು ಒಂದು ದಿನ ಎಲ್ಲರ ಎದುರೇ ಕೂಗಿದೆ. ಅಪ್ಪನ ಮುಖ ಸಣ್ಣದಾಯಿತು. ಮಾರನೆಯ ದಿನದಿಂದ ಸ್ಟೂಲು ಬರಲಿಲ್ಲ. ಗೆದ್ದೆ ಎಂದುಕೊಂಡೆ.

ಆಮೇಲೆ ನಾನು ಒಂದು ಉಪಾಯ ಕಂಡುಕೊಂಡೆ. ಕಿವಿಗೆ ಇಯರ್‌ಫೋನು ಸಿಕ್ಕಿಸಿ, ಯಾರ ಮುಖವನ್ನೂ ನೋಡದೆ, ನೆಲ ನೋಡುತ್ತಾ ನಡೆಯುವುದು. ಸೊಕ್ಕು ಎನ್ನುವವರು ಎನ್ನಲಿ. ದಸರಾ ಹೊತ್ತಿಗೆ ಅರ್ಧ ಸುತ್ತು ನಿಲ್ಲದೆ ಆಗುತ್ತಿತ್ತು. ಹಿಂಬದಿಯ ತಿರುವಿನಲ್ಲಿ, ದೊಡ್ಡ ಅತ್ತಿಮರದ ಹತ್ತಿರ, ಫಿಸಿಯೋ ಹೇಳಿದ ಹಾಗೆ ಒಂದು ಸಾಲು ಹಾಡಿ ನೋಡಿಕೊಳ್ಳುತ್ತಿದ್ದೆ. ಹಾಡು ಅರ್ಧಕ್ಕೇ ತುಂಡಾದರೆ ಸರಿಯಾಗಿ ನಡೆಯುತ್ತಿದ್ದೇನೆ ಎಂದರ್ಥ. ಒಂದು ದಿನ ಆ ತಿರುವಿನಲ್ಲಿ ಕುತ್ತಿಗೆಯಿಂದ ಬೆನ್ನಿಗೆ ಏನೋ ಹರಿದುಹೋದ ಹಾಗಾಯಿತು. ಹುಳುವೇನೋ ಎಂದು ಬೆಚ್ಚಿಬಿದ್ದೆ. ಬೆವರು! ಜ್ವರವಿಲ್ಲದ ಬೆವರು. ತುಟಿಗೆ ಬಂದ ಹನಿಯನ್ನು ನೆಕ್ಕಿದೆ, ಉಪ್ಪುಪ್ಪು. ಆ ದಿನ ನನಗಾದ ಸಂತೋಷ ಕಾಲೇಜಿನಲ್ಲಿ ರ‍್ಯಾಂಕು ಬಂದಾಗಲೂ ಆಗಿರಲಿಲ್ಲ.

ದೀಪಾವಳಿ ಕಳೆಯುವಷ್ಟರಲ್ಲಿ ಗೇಟಿನವರೆಗಿನ ಕೊನೆಯ ನೇರ ದಾರಿ ಮಾತ್ರ ಬಾಕಿ ಉಳಿದಿತ್ತು. ಆಗ ಬಂತು ರಾಜ್ಯೋತ್ಸವ. ನಮ್ಮ ಸಂಘದ ರಾಜ್ಯೋತ್ಸವ ನವೆಂಬರಿನ ಯಾವುದಾದರೂ ಒಂದು ಭಾನುವಾರ, ಶಾಮಿಯಾನದವನು ಬಿಡುವಾದಾಗ. ಪ್ರತಿವರ್ಷ ಒಬ್ಬರಿಗೆ ಸನ್ಮಾನ ಮಾಡಲೇಬೇಕು. ಈ ಸಲ ನನಗೆ. ಹಾಗೆಂದು ಅಮ್ಮ ಹಿಂದಿನ ದಿನ ರೇಷ್ಮೆ ಸೀರೆ ತೆಗೆದಿಟ್ಟಾಗಲೇ ನನಗೆ ಗೊತ್ತಾದದ್ದು. ಬೆಂಚಿನ ವಿಷಯ ಆಗಲೂ ಹೇಳಲಿಲ್ಲ. ಜಿಟಿಜಿಟಿ ಮಳೆ ಹಿಡಿದು ಒಂದು ವಾರ ನಾನು ಪಾರ್ಕಿಗೆ ಹೋಗಿರಲಿಲ್ಲವಲ್ಲ, ಆ ವಾರದಲ್ಲೇ ಕೆಲಸ ಮುಗಿಸಿದ್ದರು.

ಅತ್ತಿಮರದ ತಿರುವಿನಲ್ಲಿ, ನಾನು ಬೆವರಿದ ಜಾಗದಲ್ಲೇ, ನಡೆಯುವ ದಾರಿಯನ್ನು ಅರ್ಧ ನುಂಗಿಕೊಂಡು ಬೆಂಚು ಕೂತಿತ್ತು. ಕಾಲುಗಳನ್ನು ಕಾಂಕ್ರೀಟಿನಲ್ಲಿ ಹೂತಿದ್ದರು. ಉಳಿದ ಅರ್ಧದಲ್ಲಿ ಕೈ ಬೀಸಿಕೊಂಡು ಹೋಗುವವನು ಸಲೀಸಾಗಿ ಹೋಗಬಹುದು. ಎರಡು ಊರುಗೋಲನ್ನು ಅಗಲಕ್ಕೆ ಊರುವವಳು ಹೋಗಲಾರಳು. ಪಕ್ಕದ ಮಣ್ಣಿಗೆ ಇಳಿದರೆ ಮರದ ಬೇರುಗಳು. ನಾನು ನೋಡುತ್ತಾ ನಿಂತೆ. ನನ್ನ ನಡಿಗೆಗೆ ಸರಿಯಾಗಿ ಕತ್ತರಿ ಬಿದ್ದಿತ್ತು.

ಅಧ್ಯಕ್ಷರು ಮೈಕಿನಲ್ಲಿ ತಾತನ ರಾಗಿ ಹೊಲದಿಂದ ಶುರುಮಾಡಿ ನನ್ನವರೆಗೆ ಬಂದರು. "ನೋವಿನಲ್ಲೂ ಹಾಡುವ ಕೋಗಿಲೆ" ಎಂದು ನನ್ನನ್ನು ಕರೆದರು. ನಾನು ಉಸಿರು ಅಳೆಯುತ್ತಿದ್ದುದನ್ನು ಮರದ ಆಚೆಯಿಂದ ಕೇಳಿಸಿಕೊಂಡಿದ್ದರು, ಪುಣ್ಯಾತ್ಮರು. ಆಮೇಲೆ ಮೈಕು ಅಪ್ಪನ ಕೈಗೆ ಬಂತು. ಬೆಂಚಿನ ಯೋಚನೆ ಅವರದೇ ಎಂದು ಆಗ ತಿಳಿಯಿತು. "ನನ್ನ ಮಗ್ಳು ಮರ್ಯಾದೆಗೆ ಅಂಜಿ ಸ್ಟೂಲ್ ಮೇಲೆ ಕೂರ್ತಿರ್ಲಿಲ್ಲ. ಇನ್ಮೇಲೆ ಅವ್ಳಿಗೂ ಒಂದು ಜಾಗ ಆಯ್ತು" ಎಂದು ಹೇಳಿ ಕಣ್ಣೊರೆಸಿಕೊಂಡರು. ಎಲ್ಲರೂ ಕಣ್ಣೊರೆಸಿಕೊಂಡರು.

ನನಗೆ ಮೈ ಉರಿಯುತ್ತಿತ್ತು. ಪೇಟ ಹಣೆಗೆ ಜಾರುತ್ತಿತ್ತು. ಮೈಕು ಕಿತ್ತುಕೊಂಡು ಹೇಳಿಯೇಬಿಟ್ಟೆ: "ನನಗೆ ಬೆಂಚ್ ಬೇಡ. ನಾನು ಕೂರಲ್ಲ. ನನಗೆ ದಾರಿ ಬಿಡಿ, ಸಾಕು."

ಅಧ್ಯಕ್ಷರು ಎದ್ದುನಿಂತು "ಇದು! ಇದಕ್ಕೆ ಹೇಳೋದು ಸ್ವಾಭಿಮಾನ ಅಂತ!" ಎಂದು ಚಪ್ಪಾಳೆ ತಟ್ಟಿದರು. ಇಡೀ ಶಾಮಿಯಾನ ಚಪ್ಪಾಳೆ ತಟ್ಟಿತು. ಇಬ್ಬರು ಬಂದು ನನ್ನನ್ನು ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದರು. ಆಗ ತೆಗೆದದ್ದೇ ಆ ಫೋಟೋ. ಏನು ಹೇಳಿದರೂ ಚಪ್ಪಾಳೆ ತಟ್ಟುವ ಜನರಿಗೆ ಏನನ್ನು ಹೇಗೆ ತಿಳಿಸಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ವಾರದ ನಂತರ ಅಧ್ಯಕ್ಷರನ್ನು ಕಂಡು ಬೆಂಚನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಡಿ ಎಂದು ಬೇಡಿಕೊಂಡೆ. "ಕಾಂಕ್ರೀಟ್ ಹಾಕ್ಬಿಟ್ಟಿದೀವಲ್ಲಮ್ಮ. ಪೂಜೆ ಬೇರೆ ಆಗೋಗಿದೆ. ಕೂತು ಸುಧಾರಿಸ್ಕೊಂಡು ಹೋಗು, ಏನಂತ ಅರ್ಜೆಂಟು?" ಎಂದರು. ಅರ್ಜೆಂಟು ಏನೆಂದು ಹೇಳಿದೆ. ಅರ್ಥವಾಗಲಿಲ್ಲವೋ, ಕೇಳಿಸಲಿಲ್ಲವೋ, "ಎಲ್ಲಾ ಒಳ್ಳೇದಾಗತ್ತೆ" ಎಂದು ನಡೆದುಬಿಟ್ಟರು.

ತಿರುವಿನವರೆಗೆ ಹೋಗಿ ವಾಪಸು ಬಂದು ನೋಡಿದೆ. ವಾಪಸು ತಿರುಗಿದರೆ ಎಲ್ಲರೂ ಎದುರಿಗೆ ಬರುತ್ತಾರೆ, ಎಲ್ಲರೂ ನಿಲ್ಲಿಸಿ "ಯಾಕಮ್ಮ, ಬೆಂಚ್ ಮೇಲೆ ಕೂರ್ಲಿಲ್ವಾ?" ಎಂದು ಕೇಳುತ್ತಾರೆ. ಮನೆಯ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಕಂಬದಿಂದ ಕಂಬಕ್ಕೆ ನಡೆದೆ, ಅಪ್ಪ ಅಲ್ಲಿಗೂ ಕುರ್ಚಿ ತಂದಿಟ್ಟರು. ಡಿಸೆಂಬರಿನ ಚಳಿಗೆ ಮೊಣಕಾಲು ಮತ್ತೆ ಹಿಡಿದುಕೊಂಡಿತು. ಕುರ್ಚಿಯ ವ್ಯಾಯಾಮ ಬಿಡಲಿಲ್ಲ, ಆದರೆ ಏದುಸಿರು ಬರುವಷ್ಟು ನಡಿಗೆಯಿಲ್ಲದೆ ಹಾಡು ಮತ್ತೆ ಪೂರ್ತಿ ಸಾಲು ಬರತೊಡಗಿತು.

ಸಂಕ್ರಾಂತಿಯ ಎಳ್ಳುಬೆಲ್ಲ ಇನ್ನೂ ಡಬ್ಬಿಯಲ್ಲಿರುವಾಗಲೇ ಆಸ್ಪತ್ರೆಗೆ ಹೋದೆವು. ಅದೇ ಕಾರಿಡಾರು, ಅದೇ ಕ್ಲಿಪ್ಪು. ಹೋದ ಸಲ ಗೋಡೆ ಹಿಡಿದಿದ್ದ ಜಾಗವನ್ನು ದಾಟಿದೆ. ತುದಿ ಮುಟ್ಟಲಿಲ್ಲ. ಡಾಕ್ಟರು ನನ್ನನ್ನೇ ನೋಡುತ್ತಾ ಕೇಳಿದರು: "ದಿನಾ ನಡೀತಿದ್ಯೇನಮ್ಮ?"

ನಾನು ಉಸಿರು ಹಿಡಿಯುವಷ್ಟರಲ್ಲಿ ಅಪ್ಪ ಹೆಮ್ಮೆಯಿಂದ ಉತ್ತರ ಕೊಟ್ಟರು. "ಒಂದು ದಿನಾನೂ ಸುಸ್ತು ಮಾಡ್ಸಿಲ್ಲ ಡಾಕ್ಟ್ರೇ. ಪಾರ್ಕಲ್ಲಿ ಅವ್ಳಿಗೇ ಅಂತ ಬೆಂಚೇ ಹಾಕ್ಸಿದೀವಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಸುಸ್ತು ಮಾಡ್ಸಿ ಅಂತಾನೇ ಕಳ್ಸಿದ್ದು ರೀ ನಾನು" ಎಂದರು. ದನಿ ಏರಿಸಲಿಲ್ಲ. ಆಪರೇಷನ್ ಮುಂದಕ್ಕೆ ಹೋಯಿತು. ಮಳೆಗಾಲ ಕಳೆಯಲಿ, ಮತ್ತೆ ನೋಡೋಣ.

ಆಟೋ ಹಲಸೂರಿನ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅಪ್ಪ ತುಂಬ ಹೊತ್ತು ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು.

"ನಂಗ್ಯಾರೂ ಹೇಳ್ಲಿಲ್ಲ ಪುಟ್ಟಿ" ಎಂದರು ಕೊನೆಗೆ.

"ನಾನ್ ಹೇಳ್ದೆ" ಎಂದೆ. "ನಾನ್ ಹೇಳ್ತಾನೇ ಇದ್ದೆ."



ಎರಡು ಮೂರು ದಿನ ಅಪ್ಪ ಬೆಳಿಗ್ಗೆಯೇ ಹೊರಗೆ ಹೋಗಿ ಕತ್ತಲಾಗುವ ಮುಂಚೆ ಬರುತ್ತಿದ್ದರು. ಎಲ್ಲಿಗೆಂದು ನಾನು ಕೇಳಲಿಲ್ಲ. ಮತ್ತೆ ಪಾರ್ಕಿಗೆ ಹೋದ ದಿನ ತಿರುವಿನಲ್ಲಿ ನೋಡಿದೆ. ಬೆಂಚು ಇದ್ದಲ್ಲೇ ಇತ್ತು. ಅದರ ಪಕ್ಕದಲ್ಲಿ ಬೇರುಗಳ ಮೇಲೆ ಅಗಲವಾದ ಕಬ್ಬಿಣದ ತಗಡು ಕೂರಿಸಿದ್ದರು. ಊರುಗೋಲು ಜಾರದಂಥ ಉಬ್ಬುಗೆರೆಯ ತಗಡು, ಎರಡೂ ತುದಿಯನ್ನು ದಾರಿಯ ಮಟ್ಟಕ್ಕೆ ಬಗ್ಗಿಸಿ ಬೋಲ್ಟು ಬಿಗಿದಿತ್ತು. ಫಿಟ್ಟರ್ ಕೆಲಸ. ಅಪ್ಪ ಅತ್ತಿಮರದ ಕೆಳಗೆ ನಿಂತಿದ್ದರು. ಲಕ್ಕಿಸೊಪ್ಪಿನ ಎಣ್ಣೆಯವರು ನನ್ನ ಕಡೆಗೆ ಕೈಯೆತ್ತಿಕೊಂಡು ಬಂದರೆ ಅಪ್ಪ ಅಡ್ಡ ಹೋಗಿ ಅವರನ್ನು ಮಾತಿಗೆಳೆದುಕೊಂಡರು.

ತಗಡಿನ ಮೇಲೆ ಊರುಗೋಲು ಠಣಠಣ ಎಂದಿತು. ಮುಖ ಬಿಸಿಯಾಗಿತ್ತು, ಬಾಯಿಂದ ಉಸಿರು ಬಿಡುತ್ತಿದ್ದೆ, ಹಾಡಿನ ಮಾತಂತೂ ಇರಲಿಲ್ಲ. ಅಪ್ಪ ನನ್ನ ಮುಖ ನೋಡಿದರು. ಹಳೆಯ ಗಾಬರಿ ಅವರ ಕಣ್ಣಿಗೆ ಬಂತು, ಬಾಟಲಿ ಹಿಡಿದ ಕೈ ಮುಂದಕ್ಕೆ ಬಂತು.

"ಸುಸ್ತಾಯ್ತಾ?"

"ಹೂಂ."

ಅವರ ಬಾಯಿ ಇನ್ನೊಂದು ಮಾತಿಗೆ ತೆರೆದುಕೊಂಡದ್ದು ಕಾಣಿಸಿತು. ಅದನ್ನು ನುಂಗಿಕೊಂಡರು. ಬಾಟಲಿಯನ್ನು ಬೆನ್ನ ಹಿಂದೆ ಹಿಡಿದುಕೊಂಡರು.

"ಸರಿ, ನಡಿ" ಎಂದರು.

ನಡೆದೆ. ಕಣ್ಣಲ್ಲಿ ನೀರು ಬರಬಹುದು ಎಂದುಕೊಂಡಿದ್ದೆ, ಬರಲಿಲ್ಲ, ಸಿಟ್ಟೇ ಬಂತು. ಅವತ್ತು ಬೆಳಿಗ್ಗೆಯೂ ಅಮ್ಮ ನೆಲದ ಮೇಲೆ ಕೂತು ನನ್ನ ಚಪ್ಪಲಿಯ ಪಟ್ಟಿ ಹಾಕಿ ಕುರ್ಚಿಯ ಕೈ ಹಿಡಿದು ಎದ್ದಿದ್ದಳು. ಹೈಸ್ಕೂಲಿನ ಹುಡುಗಿಗೆ, ಹೊಂಗೆಮರದ ಕೆಳಗೆ ಶೂ ಕಾಯುತ್ತಿದ್ದವಳಿಗೆ, ಅಪ್ಪ ಹೇಳಬೇಕಾಗಿದ್ದದ್ದು ಆ "ನಡಿ" ಅಷ್ಟೇ. ಇಷ್ಟು ಸುಲಭದ ಮಾತಾಗಿತ್ತು ಅದು.